ರಸೀದಿ ಬೇರೆ, ಡಿ.ಎಲ್. ಬೇರೆ

ಕಳೆದ ತಿಂಗಳು ಒಬ್ಬ ಹುಡುಗ ಸಂದರ್ಶನಕ್ಕೆ ಬಂದಿದ್ದ. ಬಯೋಡೇಟಾದಲ್ಲಿ 14 ಸರ್ಟಿಫಿಕೇಟ್. ಲಿನಕ್ಸ್, ಕ್ಲೌಡ್, ಪೈಥಾನ್, ಸೈಬರ್ ಸೆಕ್ಯುರಿಟಿ, ಮೆಷಿನ್ ಲರ್ನಿಂಗ್, ಎಲ್ಲಾ ಇತ್ತು. ಒಂದೊಂದಕ್ಕೂ ಕಲರ್ ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಂಡು ಬಂದಿದ್ದ. ಫೈಲ್ ತೆರೆಯುವಾಗ ಅವನ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೆ ಪ್ರಶ್ನೆ ಕೇಳೋಕೇ ಮನಸ್ಸಾಗಲಿಲ್ಲ. ಆದರೂ ಕೇಳಬೇಕಲ್ಲ.

ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ತಂಡಕ್ಕೆ ಜನರನ್ನು ತೆಗೆದುಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಬಾಯಿ ಮಾತಿನ ಪ್ರಶ್ನೆ ಕಡಿಮೆ. ಬೇಕೆಂದೇ ಕೆಡಿಸಿಟ್ಟ ಒಂದು ಲಿನಕ್ಸ್ (ವಿಂಡೋಸ್ ಥರದ್ದೇ, ಸರ್ವರುಗಳಲ್ಲಿ ಓಡುವ ಸಿಸ್ಟಂ) ಮೆಷಿನ್ ಇರುವ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿಬಿಡುತ್ತೇನೆ. ಅವತ್ತಿನದು ಸುಲಭದ್ದೇ. ಡಿಸ್ಕ್ ತುಂಬಿದೆ, ಜಾಗ ಮಾಡು ಅಂದೆ. ಹುಡುಗ ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ಡಿಎಫ್ ಕಮಾಂಡ್ ಹೊಡೆದ. 100 ಪರ್ಸೆಂಟ್ ಅಂತ ಬಂತು. ಹುಡುಕಿ ಹುಡುಕಿ ದೊಡ್ಡದೊಂದು ಲಾಗ್ ಫೈಲ್ ಪತ್ತೆ ಮಾಡಿ ಅಳಿಸಿದ. ಅಲ್ಲಿಯವರೆಗೆ ಭೇಷ್. ಮತ್ತೆ ಡಿಎಫ್ ಹೊಡೆದ. ಇನ್ನೂ 100 ಪರ್ಸೆಂಟ್! ಫೈಲೂ ಹೋಯಿತು, ಜಾಗವೂ ಬರಲಿಲ್ಲ. ಒಮ್ಮೆ ಸ್ಕ್ರೀನ್ ನೋಡಿದ, ಒಮ್ಮೆ ನನ್ನನ್ನು ನೋಡಿದ. "ಸರ್, ವಿಡಿಯೋದಲ್ಲಿ ಡಿಲೀಟ್ ಮಾಡಿದ ತಕ್ಷಣ ಕಡಿಮೆ ಆಗಿತ್ತು" ಅಂದ.

ಆಗಿದ್ದು ಇಷ್ಟೆ. ಆ ಫೈಲನ್ನು ಒಂದು ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿತ್ತು. ಆ ಪ್ರೋಗ್ರಾಂ ಕೈಬಿಡುವವರೆಗೆ, ಫೈಲ್ ಅಳಿಸಿದರೂ ಲಿನಕ್ಸ್ ಜಾಗ ಬಿಟ್ಟುಕೊಡುವುದಿಲ್ಲ. ಆ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದ್ದರೆ ಮುಗಿಯುತ್ತಿತ್ತು. ಇದು ಗೊತ್ತಿಲ್ಲದಿರುವುದು ದೊಡ್ಡ ತಪ್ಪೇನೂ ಅಲ್ಲ. ನನಗೆ ಗೊತ್ತಾಗಿದ್ದೂ ಒಂದು ರಾತ್ರಿ ಎರಡು ಗಂಟೆಗೆ, ಮೇಲಿನವರಿಂದ ಬೈಸಿಕೊಂಡ ಮೇಲೆ. ನನಗೆ ಬೇಜಾರಾಗಿದ್ದು ಇನ್ನೊಂದಕ್ಕೆ. 14 ಕೋರ್ಸ್ ಮುಗಿಸಿದ್ದಾನೆ, ಒಂದರಲ್ಲೂ ಅವನ ಕೈಯಲ್ಲಿ ಏನೂ ಕೆಟ್ಟಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಂದು ಸಲ ಹೇಳುತ್ತೇನೆ. ಕೋರ್ಸ್ ಮುಗಿಸಿದ್ದಕ್ಕೆ ಕೊಡುವ ಸರ್ಟಿಫಿಕೇಟ್ ಬೇರೆ. ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟ್ ಬೇರೆ. ಡ್ರೈವಿಂಗ್ ಸ್ಕೂಲಿಗೆ 20 ದಿನದ ಕ್ಲಾಸಿಗೆ ದುಡ್ಡು ಕಟ್ಟಿದ ರಸೀದಿ ನಿಮ್ಮ ಹತ್ತಿರ ಇರುತ್ತದೆ. ಆರ್‌ಟಿಒ ಗ್ರೌಂಡಿನಲ್ಲಿ ಕಾಲು ಕೆಳಗಿಡದೆ ಎಂಟು ಹಾಕಿ ತೋರಿಸಿ ತಂದ ಡಿ.ಎಲ್. ಕೂಡ ಇರುತ್ತದೆ. ಪೊಲೀಸರು ಕೈ ಅಡ್ಡ ಹಾಕಿದಾಗ ಯಾರಾದರೂ ರಸೀದಿ ತೋರಿಸುತ್ತಾರಾ? (ಕೆಲವು ಡಿ.ಎಲ್. ಹೇಗೆ ಬರುತ್ತವೆ ಅಂತ ನನಗೂ ಗೊತ್ತು. ಅದು ಇವತ್ತು ಬೇಡ.)

ಹೆಚ್ಚಿನ ಆನ್‌ಲೈನ್ ಕೋರ್ಸ್‌ಗಳ ಸರ್ಟಿಫಿಕೇಟ್ ಆ ರಸೀದಿಯ ಜಾತಿಗೆ ಸೇರಿದ್ದು. ಅದರ ಮೇಲೆ ಅವರೇ ಪ್ರಾಮಾಣಿಕವಾಗಿ ಬರೆದಿರುತ್ತಾರೆ, ಇಂಥವರು ಕೋರ್ಸ್ ಪೂರ್ತಿ ಮಾಡಿದ್ದಾರೆ ಅಂತ. ಓದದವರು ನಾವು. ವಿಡಿಯೋವನ್ನು ಡಬಲ್ ಸ್ಪೀಡಲ್ಲಿ ಓಡಿಸಿದರೂ ಪೂರ್ತಿ ಆಗುತ್ತದೆ. ಕ್ವಿಜ್ ತಪ್ಪಾದರೆ ಮತ್ತೆ ಒತ್ತಬಹುದು. ಹಾಗಂತ ಆ ಕೋರ್ಸ್‌ಗಳು ಕೆಟ್ಟವು ಅನ್ನುತ್ತಿಲ್ಲ. ಎಷ್ಟೋ ಪಾಠ ನಮ್ಮ ಕಾಲೇಜಿನ ಪಾಠಕ್ಕಿಂತ ಜಾಸ್ತಿ ಚೆನ್ನಾಗಿವೆ. ಕಲಿಯಲು ನೋಡಿ, ಖಂಡಿತ ನೋಡಿ. ಫೈಲಿಗೆ ಹಾಕಿ ಜನರನ್ನು ಹೆದರಿಸಲು ಹೋಗಬೇಡಿ, ಅಷ್ಟೆ.

ಪರೀಕ್ಷೆಯಲ್ಲೂ ತರತಮ ಉಂಟು. ಬಾಡಿಗೆಗೆ ಸರ್ವರ್ ಕೊಡುವ ಅಮೆಜಾನ್ ಎಡಬ್ಲ್ಯುಎಸ್‌ನ ಕ್ಲೌಡ್ ಪ್ರಾಕ್ಟಿಷನರ್ ಪರೀಕ್ಷೆ 65 ಪ್ರಶ್ನೆ, 90 ನಿಮಿಷ, 1,000ಕ್ಕೆ 700 ಬಂದರೆ ಪಾಸ್, 3 ವರ್ಷ ಚಾಲ್ತಿ. ಎಲ್ಲಾ ಉತ್ತರ ಆರಿಸುವ ಪ್ರಶ್ನೆಗಳೇ. ಕ್ಲೌಡಿನ ಭಾಷೆ ಗೊತ್ತಿದೆ ಅಂತ ತೋರಿಸಲು ಸಾಕು, ಕೆಲಸ ಬರುತ್ತದೆ ಅನ್ನಲು ಸಾಲದು. ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಹಾಗಲ್ಲ. ಅಲ್ಲಿ ಆರಿಸುವ ಪ್ರಶ್ನೆಯೇ ಇಲ್ಲ. ಮೆಷಿನ್ ಕೊಡುತ್ತಾರೆ, ಕೆಲಸ ಹೇಳುತ್ತಾರೆ, ಇಂಟರ್‌ನೆಟ್ ಕೊಡುವುದಿಲ್ಲ. 300ಕ್ಕೆ 210 ಬರಬೇಕು. ಅದರಲ್ಲಿ ನನಗೆ ತುಂಬಾ ಇಷ್ಟವಾದ ನಿಯಮ ಒಂದಿದೆ. ನೀವು ಮಾಡಿದ್ದೆಲ್ಲ ಮೆಷಿನ್ ರೀಬೂಟ್ ಆದ ಮೇಲೂ ನಿಂತಿರಬೇಕು. ತಾತ್ಕಾಲಿಕ ತೇಪೆ ನಡೆಯಲ್ಲ. ನಮ್ಮ ತಂಡದ ಒಬ್ಬ ಒಳ್ಳೆಯ ಹುಡುಗ ಮೊದಲ ಸಲ ಫೇಲಾಗಿದ್ದು ಅದರಲ್ಲೇ. ಡಿಸ್ಕ್ ಮೌಂಟ್ ಮಾಡಿ ಎಫ್‌ಎಸ್‌ಟ್ಯಾಬ್ ಫೈಲಿಗೆ ಒಂದು ಸಾಲು ಬರೆಯುವುದನ್ನು ಮರೆತಿದ್ದ. ಆ ಸಾಲು ಇಲ್ಲದಿದ್ದರೆ ರೀಬೂಟ್ ಆದ ಮೇಲೆ ಡಿಸ್ಕ್ ತಾನಾಗಿ ಜೋಡಣೆಯಾಗುವುದಿಲ್ಲ. ಈಗ ಅವನು ಬರೆದದ್ದನ್ನು ಎರಡೆರಡು ಸಲ ನೋಡುತ್ತಾನೆ.

ನಾನು ಹೇಳುತ್ತಿರುವುದು ಮೇಜಿನ ಈ ಕಡೆ ಕೂತು ಸರ್ವರ್ ಕೆಲಸಕ್ಕೆ ಜನ ಹುಡುಕುವವನ ಮಾತು. ಬೇರೆ ಕಡೆ ಎಚ್.ಆರ್. ಸಾಫ್ಟ್‌ವೇರ್ ಸರ್ಟಿಫಿಕೇಟಿನ ಹೆಸರು ನೋಡಿಯೇ ಬಯೋಡೇಟಾ ಒಳಗೆ ಬಿಡಬಹುದು. ಡೇಟಾ ಸೈನ್ಸಿನವರ ಲೆಕ್ಕ ಬೇರೆ ಇರಬಹುದು. ನನ್ನ ಮಾತು ಕೇಳಿ ಇದ್ದ ಸರ್ಟಿಫಿಕೇಟನ್ನೆಲ್ಲ ಹರಿದು ಹಾಕಬೇಡಿ.

ಇದನ್ನೆಲ್ಲ ಬರೆಯಲು ಕಾರಣ ನಮ್ಮ ದೊಡ್ಡಪ್ಪನ ಮಗ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಮಗಳು ಬಿಸಿಎ ಕೊನೆಯ ವರ್ಷ. ಮೊನ್ನೆ ಫೋನ್ ಮಾಡಿದ.

"ಏನಪ್ಪಾ, 65 ಸಾವಿರದ ಕೋರ್ಸಂತೆ. ಕಂತಲ್ಲಿ ಕಟ್ಟಬಹುದಂತೆ. ಸರ್ಟಿಫಿಕೇಟ್ ಮೇಲೆ ಹಾಲೋಗ್ರಾಂ ಇರುತ್ತಂತೆ ಕಣೋ!"

"ಅಣ್ಣಾ, ಪರೀಕ್ಷೆ ಯಾರು ಮಾಡ್ತಾರೆ?"

"ಅವರೇ."

"ಫೇಲ್ ಮಾಡ್ತಾರಾ?"

"ಛೆ, ದುಡ್ಡು ತಗೊಂಡು ಯಾಕೆ ಫೇಲ್ ಮಾಡ್ತಾರೆ?"

ಅಣ್ಣನಿಗೆ ಗೊತ್ತಿಲ್ಲದೆಯೇ ಉತ್ತರ ಅವನ ಬಾಯಲ್ಲೇ ಬಂದಿತ್ತು. ಕಂತು ಅಂದರೆ ಸಾಮಾನ್ಯವಾಗಿ ಯಾವುದೋ ಫೈನಾನ್ಸ್ ಕಂಪನಿಯ ಸಾಲ, ಹುಡುಗಿ ಮಧ್ಯದಲ್ಲಿ ಬಿಟ್ಟರೂ ಕಂತು ನಿಲ್ಲದೇ ಇರಬಹುದು, ಸಹಿ ಹಾಕುವ ಮೊದಲು ಕಾಗದ ಓದು ಅಂದೆ. ಆಮೇಲೆ ಎನ್‌ಪಿಟಿಇಎಲ್ ಬಗ್ಗೆ ಹೇಳಿದೆ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಕೋರ್ಸ್‌ಗಳು. ಪಾಠ ಪುಕ್ಕಟೆ. ಪರೀಕ್ಷೆಗೆ ನಾನು ನೋಡಿದಾಗ 1,000 ರೂಪಾಯಿ ಇತ್ತು. ಮನೆಯಲ್ಲಿ ಮಾಡುವ ಅಸೈನ್‌ಮೆಂಟಿಗೆ 25 ಅಂಕ, ಸೆಂಟರಿಗೆ ಹೋಗಿ ಬರೆಯುವ ಪರೀಕ್ಷೆಗೆ 75. ಸರ್ಟಿಫಿಕೇಟಿನಲ್ಲಿ ಎರಡೂ ಬೇರೆ ಬೇರೆಯಾಗಿ ಅಚ್ಚಾಗುತ್ತವೆ. ಅಸೈನ್‌ಮೆಂಟಲ್ಲಿ 24 ತೆಗೆದು ಪರೀಕ್ಷೆಯಲ್ಲಿ 31 ತೆಗೆದವರನ್ನು ನೋಡಿದರೆ ನಮಗೆ ಕಥೆ ಗೊತ್ತಾಗಿಬಿಡುತ್ತದೆ. ಹೋದ ವರ್ಷ ಚಿತ್ರದುರ್ಗದ ಒಬ್ಬಳು ಹುಡುಗಿ ಇಂಥದ್ದೇ ಒಂದು ಸರ್ಟಿಫಿಕೇಟ್ ತಂದಿದ್ದಳು. ಡೇಟಾಬೇಸ್, ಒಟ್ಟು 58. ಕಡಿಮೆ ಬಂದಿದೆಯಲ್ಲಮ್ಮ ಅಂದೆ. "ನಾರ್ಮಲೈಸೇಷನ್ ಅರ್ಧ ಅರ್ಥ ಆಗಿರ್ಲಿಲ್ಲ ಸರ್, ಆಮೇಲೆ ಕೂತು ಮಾಡಿದೆ" ಅಂತ ಹೇಳಿ, ಅಲ್ಲೇ ಹಾಳೆ ಎಳೆದುಕೊಂಡು, ಒಂದೇ ಮಾಹಿತಿ ಎರಡೆರಡು ಕಡೆ ಬಾರದಂತೆ ಟೇಬಲ್ ಬಿಡಿಸತೊಡಗಿದಳು. ತೆಗೆದುಕೊಂಡೆವು.

ಅಣ್ಣ ಎಲ್ಲಾ ಕೇಳಿಸಿಕೊಂಡ. ಸಾವಿರ ರೂಪಾಯಿಯದು ಅಂದಿದ್ದೇ ಅವನಿಗೆ ಅನುಮಾನ. ಸ್ವಲ್ಪ ಹೊತ್ತು ಮಾತಿಲ್ಲ.

"ಹಾಲೋಗ್ರಾಂ ಇರಲ್ವಾ?"

"ಇಲ್ಲಣ್ಣ. ಅವಳ ಫೋಟೋ ಇರುತ್ತೆ."

"ಫೋಟೋ ಇರುತ್ತಾ?" ಅಂದ. "ಹಂಗಾದ್ರೆ ಪರವಾಗಿಲ್ಲ ಬಿಡು."