ಹಾಕಿದ ಯೂರಿಯಾ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಮಂಡ್ಯ ಸೀಮೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವವರು ನಾವು. ಹಾಕಿದ ಗೊಬ್ಬರವನ್ನು ಬೆಳೆಯೇ ಹೀರಿಕೊಳ್ಳುತ್ತದೆ. ಹೊಳೆ ಕೆಡುವುದು ಕಾರ್ಖಾನೆ, ಚರಂಡಿಗಳಿಂದ. ರೈತರನ್ನೇಕೆ ದೂರುತ್ತೀರಿ?

ಉತ್ತರ: ಪ್ರತಿ ಮುಂಗಾರಿಗೂ ತಪ್ಪದೆ ಬರುವ ಪ್ರಶ್ನೆಯಿದು. ಕಾರ್ಖಾನೆ, ಚರಂಡಿಗಳ ಪಾಲನ್ನು ಯಾರೂ ಅಲ್ಲಗಳೆದಿಲ್ಲವಾದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡೋಣ. ಆದರೆ ‘ಬೆಳೆಯೇ ಹೀರಿಕೊಳ್ಳುತ್ತದೆ’ ಎಂಬುದನ್ನು ಮಾತ್ರ ಬಿಡುವಂತಿಲ್ಲ.

45 ಕೆ.ಜಿ. ಯೂರಿಯಾ ಚೀಲದಲ್ಲಿ ಶೇ 46ರ ಲೆಕ್ಕದಲ್ಲಿ ಸುಮಾರು 20.7 ಕೆ.ಜಿ. ಸಾರಜನಕವಿರುತ್ತದೆ. ನೀರು ನಿಂತ ಗದ್ದೆಗೆ ಅದನ್ನು ಎರಚಿದಾಗ ಭತ್ತದ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಮೂರನೇ ಒಂದು ಪಾಲು, ಬಹಳ ಜಾಣತನದಿಂದ ನಿಭಾಯಿಸಿದರೆ ಅರ್ಧದಷ್ಟು. ಮಿಕ್ಕಿದ್ದರಲ್ಲಿ ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ, ಒಂದಷ್ಟು ಮಣ್ಣಿನಲ್ಲಿ ಉಳಿಯುತ್ತದೆ, ಇನ್ನೊಂದಷ್ಟು ನೀರಿನ ಬೆನ್ನು ಹತ್ತುತ್ತದೆ. ಮೇಲುಗೊಬ್ಬರ ಎರಚಿದ ಸಂಜೆಯೇ ಜೋರು ಮಳೆ ಹೊಯ್ದು, ಪೈರು ಮುಳುಗೀತೆಂದು ನೀವು ತೆವರಿ (ಗದ್ದೆಯ ಬದು) ಕಡಿದಿರಿ ಎನ್ನಿ. ಅಷ್ಟರಲ್ಲಿ ಹರಳುಗಳೆಲ್ಲ ಕರಗಿರುವುದರಿಂದ ಗೊಬ್ಬರವೂ ಆ ನೀರಿನ ಜೊತೆಗೇ ಬಸಿಗಾಲುವೆಗೆ ಇಳಿಯುತ್ತದೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಶಿಂಷೆಗೋ ಕಾವೇರಿಗೋ ಸೇರುತ್ತದೆ. ಕಬ್ಬಿನ ಗದ್ದೆಯಲ್ಲಿ ದಾರಿ ಬೇರೆ. ಅಲ್ಲಿ ಯೂರಿಯಾ ಮಣ್ಣಿನೊಳಗೆ ನೈಟ್ರೇಟ್ (ನೀರಿನಲ್ಲಿ ಕರಗುವ ಸಾರಜನಕದ ರೂಪ) ಆಗುತ್ತದೆ. ನೈಟ್ರೇಟಿನದೂ ಜೇಡಿಮಣ್ಣಿನ ಕಣದ್ದೂ ಋಣ ವಿದ್ಯುದಂಶವೇ ಆದ್ದರಿಂದ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳಲಾರದು, ಹಾಯಿಸಿದ ನೀರು ಇಳಿದಷ್ಟು ಆಳಕ್ಕೂ ಅದು ಇಳಿಯುತ್ತದೆ.

‘ಈಗ ಬರುವುದೆಲ್ಲ ಬೇವು ಲೇಪಿತ ಯೂರಿಯಾ ಅಲ್ಲವೇ?’ ಎನ್ನುವವರಿದ್ದಾರೆ. 2015ರಿಂದ ಅದು ಕಡ್ಡಾಯವಾಗಿರುವುದು ನಿಜ. ಬೇವು ನೈಟ್ರೇಟ್ ಆಗುವ ಕ್ರಿಯೆಯನ್ನು ನಿಧಾನಗೊಳಿಸುತ್ತದೆ, ಅಷ್ಟೇ. ಕಡಿದ ತೆವರಿಗೆ ಅಡ್ಡ ನಿಲ್ಲುವುದಿಲ್ಲ. ಗದ್ದೆಯ ನೀರನ್ನು ಮೊದಲೇ ಬಸಿದು, ಗೊಬ್ಬರವನ್ನು ಎರಡು ಮೂರು ಕಂತಿನಲ್ಲಿ ಕೊಟ್ಟು, ಆಮೇಲೆ ನೀರು ಕಟ್ಟಿ ಕೆಲವು ದಿನ ಹೊರಗೆ ಬಿಡದಿರುವುದೇ ಇದಕ್ಕೆ ಮದ್ದು. ಚೀಲದ ದುಡ್ಡೂ ಉಳಿಯುತ್ತದೆ ಎಂಬುದನ್ನು ನಾನೇ ಹೇಳಬೇಕಾಗಿ ಬಂದಿರುವುದು ಸೋಜಿಗ! 1974ರ ಜಲಮಾಲಿನ್ಯ ಕಾಯ್ದೆಯಡಿ ಕಾರ್ಖಾನೆಯವರು ಕೊಳಚೆ ಬಿಡಲು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕು, ತೆವರಿ ಕಡಿಯುವವರಿಗೆ ಅಂಥ ಕಟ್ಟುಪಾಡಿಲ್ಲ. ಹಾಗಾಗಿ ಈ ಕೆಲಸ ರೈತರ ಕೈಯಲ್ಲೇ ಇದೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. ಗದ್ದೆ ಬಯಲಿನ ಬಾವಿ, ಬೋರ್‌ವೆಲ್ ನೀರನ್ನು ಕಾಯಿಸಿ ಕುಡಿದರೆ ದೋಷವಿಲ್ಲ ಎಂದು ನಂಬಿದ ಮನೆಗಳು ಬಹಳ. ಕಾಯಿಸಿದರೆ ಸಾಯುವುದು ರೋಗಾಣು. ಗದ್ದೆಯಿಂದ ಆಳಕ್ಕಿಳಿದು ಆ ನೀರಿಗೆ ಸೇರಿದ ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಅದರ ಸಾಂದ್ರತೆಯೇ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮಿತಿಯೆಂದು ಭಾರತೀಯ ಮಾನಕ ಹೇಳುತ್ತದೆ. ಅದು ಮೀರಿದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವಿರುವುದರಿಂದ, ಆರು ತಿಂಗಳೊಳಗಿನ ಮಗುವಿಗೆ ಪುಡಿಹಾಲು ಕಲಸುವವರು ಆ ನೀರನ್ನು ಮೊದಲು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಬೇರೆ ನೀರು ಬಳಸತಕ್ಕದ್ದು.