ಆರೆಂಜ್ ಅಲರ್ಟ್ ಇತ್ತು, ನಮ್ಮ ಏರಿಯಾದಲ್ಲಿ ಒಂದು ಹನಿ ಬೀಳಲಿಲ್ಲ. ಯಾಕೆ?

ಪ್ರಶ್ನೆ: ಬೆಂಗಳೂರಿಗೆ ಆರೆಂಜ್ ಅಲರ್ಟ್ ಅಂತ ಬೆಳಿಗ್ಗೆಯೇ ಮೆಸೇಜ್ ಬಂತು. ದಿನವಿಡೀ ರೇನ್‌ಕೋಟ್ ಹೊತ್ತು ತಿರುಗಿದ್ದೇ ಬಂತು, ಕೆಂಗೇರಿಯಲ್ಲಿ ಮಳೆಯೇ ಇಲ್ಲ. ಯಲಹಂಕದಲ್ಲಿರುವ ತಂಗಿ ನೋಡಿದರೆ ರಸ್ತೆಯೆಲ್ಲ ಹೊಳೆ ಆಗಿದೆ ಅಂತಾಳೆ. 6 ಕಿಲೋಮೀಟರಿನ ಹೊಸ ಹವಾಮಾನ ಮಾಡೆಲ್ ಬಂದಿದೆಯಂತಲ್ಲ, ಆದರೂ ಹೀಗೇಕೆ?

ಆ ಅಲರ್ಟ್ ಕೆಂಗೇರಿಗೆ ಕೊಟ್ಟಿದ್ದಲ್ಲ, ಇಡೀ ಜಿಲ್ಲೆಗೆ ಕೊಟ್ಟಿದ್ದು. ಬೆಂಗಳೂರು ನಗರ ಜಿಲ್ಲೆ ಸುಮಾರು 2,200 ಚದರ ಕಿಲೋಮೀಟರ್. ಸಂಜೆಯ ಗುಡುಗು ಮೋಡ ಒಂದೊಂದೂ ಹೆಚ್ಚೆಂದರೆ ಎಂಟು ಹತ್ತು ಕಿಲೋಮೀಟರ್ ಅಗಲ, ಗಂಟೆಯೊಳಗೆ ಹುಟ್ಟಿ, ಸುರಿದು, ಖಾಲಿ. ಅಲರ್ಟ್ ಜೊತೆ ಹವಾಮಾನ ಇಲಾಖೆ 'ಒಂದೆರಡು ಕಡೆ' ಅಂದರೆ ಆ ಭಾಗದ ಮಳೆ ಅಳೆಯುವ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಪಾಲಿಗೆ ಮಳೆ ಅಂತ ಅರ್ಥ. ನಾವು ಆ ಸಾಲು ಓದುವುದೇ ಇಲ್ಲ, ಬಣ್ಣ ನೋಡಿ ಗಾಬರಿಯಾಗುತ್ತೇವೆ, ಅಲ್ವಾ?

ಈಗ ಮಾಡೆಲ್ ವಿಷಯ, ಅಂದರೆ ಮಳೆಯನ್ನು ಮುಂಚೆಯೇ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ. ಕಂಪ್ಯೂಟರ್ ನೆಲವನ್ನೆಲ್ಲ ಚೌಕಗಳಾಗಿ ಹೋಳು ಮಾಡಿಕೊಂಡು ಒಂದೊಂದು ಚೌಕಕ್ಕೆ ಒಂದೇ ಮಳೆ ಲೆಕ್ಕ ಹಾಕುತ್ತದೆ. 12 ಕಿಲೋಮೀಟರಿನ ಚೌಕವಾದರೆ ನಮ್ಮ ಜಿಲ್ಲೆಗೆ ಹದಿನೈದು ಸಾಕು. 2024ರ ಜೂನ್ 2ರಂದು ಬೆಂಗಳೂರಲ್ಲಿ 111.1 ಮಿಲಿಮೀಟರ್ ಬಿತ್ತಲ್ಲ, 1891ರ ಜೂನ್ ದಾಖಲೆ ಮುರಿದ ಮಳೆ, ಅಂಥದ್ದು ಒಂದು ಚೌಕದ ಕಾಲು ಭಾಗದಲ್ಲಿ ಮಾತ್ರ ಸುರಿದು ಉಳಿದದ್ದು ಒಣಗಿದ್ದರೆ ಚೌಕದ ಲೆಕ್ಕಕ್ಕೆ ಸಿಗುವುದು ಬರೀ 28 ಮಿಲಿಮೀಟರ್. ಅತಿಮಳೆ ಅಲ್ಲೇ ಮಾಯ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಕಟ್ಟಿದ, 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಚೌಕ 6 ಕಿಲೋಮೀಟರ್. ಅಂದರೆ ನಮ್ಮ ಜಿಲ್ಲೆಗೆ ಅರವತ್ತು ಚೌಕ. ಬದಿ ಅರ್ಧವಾದರೆ ಚೌಕ ನಾಲ್ಕು ಪಟ್ಟು, ಲೆಕ್ಕ ಹಾಕುವ ಸಮಯದ ಹೆಜ್ಜೆಗಳೂ ಚಿಕ್ಕದಾಗಿ ಎರಡು ಪಟ್ಟು, ಒಟ್ಟು ಎಂಟು ಪಟ್ಟು ಕೆಲಸ. ಸುಮ್ನೆ ಆಗುವುದಲ್ಲ.

ಆದರೂ ಸಾಲದು. ಎರಡು ಚುಕ್ಕಿ ಇಟ್ಟು ನವಿಲಿನ ರಂಗೋಲಿ ಬಿಡಿಸೋಕಾಗುತ್ತಾ? ಒಂದು ಮೋಡದ ಆಕಾರ ಹಿಡಿಯೋಕೆ ಅದರ ಅಗಲದೊಳಗೇ ಐದಾರು ಚೌಕ ಬೇಕು, ಇಲ್ಲಿ ಸಿಗೋದು ಒಂದೆರಡು.

ಸಣ್ಣ ಚೌಕದ ಲಾಭ ನೋಡಬೇಕಂದರೆ ಆಗುಂಬೆಗೆ ಹೋಗಿ. ಸೋಮೇಶ್ವರದಿಂದ ಘಾಟಿ ಹತ್ತುವಾಗ ಕೆಲವೇ ಕಿಲೋಮೀಟರಿನಲ್ಲಿ 500 ಮೀಟರಿಗೂ ಜಾಸ್ತಿ ಎತ್ತರ ಏರುತ್ತೇವೆ. ದೊಡ್ಡ ಚೌಕದಲ್ಲಿ ಆ ಗೋಡೆ ಸವೆದು ಇಳಿಜಾರಾಗಿಬಿಡುತ್ತದೆ, ಕಡಲಿನ ಗಾಳಿ ಅದಕ್ಕೆ ಬಡಿದು ಮೇಲೇಳುವ ರಭಸವೇ ಲೆಕ್ಕಕ್ಕೆ ಬರುವುದಿಲ್ಲ. ಚೌಕ ಸಣ್ಣದಾದರೆ ಘಾಟಿ ಘಾಟಿಯಾಗಿ ಕಾಣುತ್ತದೆ. ಜೊತೆಗೆ ಬೆಟ್ಟ ಇದ್ದಲ್ಲೇ ಇರುತ್ತದೆ, ಹಾಗಾಗಿ ಮಳೆ ಎಲ್ಲಿ ಅಂತ ಹೇಳೋದು ಸುಲಭ.

ಬೆಂಗಳೂರಿನ ಸಂಜೆ ಮೋಡಕ್ಕೆ ಅಂಥ ಗೋಡೆ ಇಲ್ಲ. ಮಳೆಗೆ ಮುಂಚೆ ಮಣ್ಣಿನ ವಾಸನೆ ಹೊತ್ತು ತಣ್ಣಗೆ ಬೀಸುತ್ತಲ್ಲ ಗಾಳಿ, ಅದು ಎಷ್ಟೋ ಸಲ ಆಚೆ ಎಲ್ಲೋ ಸುರಿಯುತ್ತಿರುವ ಮೋಡದಿಂದ ಕೆಳಕ್ಕೆ ಬಿದ್ದು ಹರಡಿದ್ದು. ಅದೇ ಮುಂದೆ ನುಗ್ಗಿ ಬಿಸಿಗಾಳಿಯನ್ನು ಮೇಲಕ್ಕೆ ತಳ್ಳಿ ಇನ್ನೊಂದು ಮೋಡ ಎಬ್ಬಿಸುತ್ತದೆ. ನೆಲಮಂಗಲದ ಮೋಡ ಅರ್ಧ ಗಂಟೆ ತಡವಾದರೆ ಆಮೇಲಿನದ್ದೆಲ್ಲ ಬೇರೆ ಕಡೆ. ಹಿಂದಿನ ದಿನವೇ ಇದನ್ನು ಹೇಳೋದು ಹೇಗೆ?

ಹಾಗಾಗಿ ಸೂಕ್ಷ್ಮ ಮಾಡೆಲ್ ಯಲಹಂಕದ ಮಳೆಯನ್ನು ಕೆಂಗೇರಿಗೆ ಇಟ್ಟುಬಿಡಬಹುದು. ಆಗ ಪಾಪ, ಎರಡು ಸಲ ಫೇಲ್: ಇಲ್ಲದ ಕಡೆ ಹೇಳಿದ್ದಕ್ಕೆ ಒಂದು, ಇದ್ದ ಕಡೆ ಬಿಟ್ಟಿದ್ದಕ್ಕೆ ಇನ್ನೊಂದು. 'ಎಲ್ಲ ಕಡೆ ಸ್ವಲ್ಪ ಸ್ವಲ್ಪ' ಅಂತ ಹೇಳಿದ ಹಳೆಯ ಮಾಡೆಲ್ ಅಷ್ಟು ಕೆಟ್ಟದಾಗಿ ಸಿಕ್ಕಿಬೀಳುವುದಿಲ್ಲ. ಅದಕ್ಕೇ ಮಾಡೆಲ್‌ಗೆ ಕೊಡುವ ಆರಂಭದ ಗಾಳಿ, ಬಿಸಿ, ತೇವದ ಅಂಕಿಗಳನ್ನು ಚೂರುಚೂರು ಬದಲಿಸಿ ಇಪ್ಪತ್ತು ಸಲವೋ ಇನ್ನೂ ಜಾಸ್ತಿಯೋ ಓಡಿಸಿ ನೋಡುತ್ತಾರೆ. ಇಪ್ಪತ್ತರಲ್ಲಿ ಹನ್ನೆರಡರಲ್ಲಿ ಮಳೆ ಬಂದರೆ ಶೇ. 60 ಸಾಧ್ಯತೆ.

ನೀವು ಬೆಳಗಿನ ಅಲರ್ಟನ್ನು 'ಇವತ್ತು ಸಂಜೆ ಹುಷಾರು' ಅಂತಷ್ಟೇ ಓದಿಕೊಳ್ಳಿ. ಮಧ್ಯಾಹ್ನ ಮೂರರ ಮೇಲೆ ಇಲಾಖೆಯ ರೇಡಾರ್ ಚಿತ್ರವನ್ನೂ ಮುಂದಿನ ಮೂರು ಗಂಟೆಯ ಮುನ್ಸೂಚನೆಯನ್ನೂ ನೋಡಿ, ಆ ಹೊತ್ತಿಗೆ ಮೋಡ ಹುಟ್ಟಿರುತ್ತದೆ, ಯಾವ ಕಡೆ ಹೊರಟಿದೆ ಅಂತಲೂ ಕಾಣುತ್ತದೆ. ರೇನ್‌ಕೋಟ್ ಗಾಡಿಯಲ್ಲೇ ಇರಲಿ.