ಕಂಚಿನ ನಾಣ್ಯ ಯಾರದ್ದು, ಚಕ್ರವರ್ತಿಯದೋ ಸೆನೆಟ್‌ನದೋ?

ಪ್ರಶ್ನೆ: ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದ ಕಂಚಿನ ನಾಣ್ಯಗಳ ಹಿಂಬದಿಯಲ್ಲಿ ‘ಎಸ್ ಸಿ’ ಎಂದು ದೊಡ್ಡದಾಗಿ ಕೆತ್ತಿರುತ್ತದೆ. ಚಿನ್ನ, ಬೆಳ್ಳಿ ಚಕ್ರವರ್ತಿಯ ಪಾಲು, ಕಂಚು ಸೆನೆಟ್‌ನ (ರೋಮ್‌ನ ಗಣ್ಯರ ಸಭೆಯ) ಪಾಲು ಎಂದು ಓದಿದ್ದೆ. ನಿಜವೇ?

ಉತ್ತರ: ಈ ಪಾಲುಪಟ್ಟಿಯನ್ನು ಪ್ರಚಾರಕ್ಕೆ ತಂದವರು 19ನೇ ಶತಮಾನದ ಜರ್ಮನ್ ಇತಿಹಾಸಕಾರ ಥಿಯೋಡೋರ್ ಮಾಮ್‌ಸೆನ್. ಕೇಳಲು ಅಚ್ಚುಕಟ್ಟಾಗಿದೆ, ಆದರೆ ನಾಣ್ಯಗಳೇ ಅದನ್ನು ಒಪ್ಪುವುದಿಲ್ಲ.

ಎಸ್ ಸಿ ಎಂದರೆ ‘ಸೆನಾಟುಸ್ ಕನ್ಸುಲ್ಟೊ’, ಸೆನೆಟ್ ನಿರ್ಣಯದಂತೆ. ದಶಕಗಳಿಂದ ರೋಮ್‌ನ ಟಂಕಸಾಲೆ ಕಂಚಿನ ಕೆಲಸ ಬಹುತೇಕ ಬಿಟ್ಟೇಬಿಟ್ಟಿತ್ತು. ಕ್ರಿ.ಪೂ. 23ರ ಸುಮಾರಿಗೆ ಅಗಸ್ಟಸ್ ಅದನ್ನು ಮತ್ತೆ ಶುರುಮಾಡಿಸಿದ. ಈ ನಾಣ್ಯಗಳಲ್ಲಿ ಸೆಸ್ಟರ್ಷಿಯಸ್ ಮತ್ತು ಡುಪೊಂಡಿಯಸ್ ಎಂಬವು ಹಿತ್ತಾಳೆಯವು, ಆಸ್ ಎಂಬುದು ತಾಮ್ರದ್ದು. ಎಲ್ಲವನ್ನೂ ಕಂಚು ಅನ್ನುವುದು ನಮ್ಮ ಸೋಮಾರಿತನ! ಒಂದು ಬೆಳ್ಳಿ ಡೆನಾರಿಯಸ್‌ಗೆ 4 ಸೆಸ್ಟರ್ಷಿಯಸ್, 16 ಆಸ್. ಚಂದ್ರವಳ್ಳಿಯಲ್ಲಿ ಸಿಕ್ಕಿದ, ಅಗಸ್ಟಸ್ ನಂತರದ ಚಕ್ರವರ್ತಿ ಟಿಬೇರಿಯಸ್‌ನ ನಾಣ್ಯ ಇಂಥ ಡೆನಾರಿಯಸ್. ಅದರಲ್ಲಿ ಎಸ್ ಸಿ ಇಲ್ಲ.

ಹೊಸ ಸೆಸ್ಟರ್ಷಿಯಸ್‌ನಲ್ಲಿ ಅಗಸ್ಟಸ್‌ನ ಮುಖವಿರಲಿಲ್ಲ. ಇದ್ದದ್ದು ಓಕ್ ಎಲೆಯ ಹಾರ, ‘ಪ್ರಜೆಗಳನ್ನು ಉಳಿಸಿದ್ದಕ್ಕಾಗಿ’ ಎಂಬ ಬರಹ. ಆ ಹಾರವನ್ನು ಕ್ರಿ.ಪೂ. 27ರಲ್ಲಿ ಅವನಿಗೆ ಕೊಟ್ಟದ್ದು ಸೆನೆಟ್. ಹಾಗಾಗಿ ಎಸ್ ಸಿ ಹೇಳುವುದು ಆ ಗೌರವದ ನಿರ್ಣಯವನ್ನೇ ಎಂದು ಕೆಲವು ವಿದ್ವಾಂಸರು ವಾದಿಸಿದರು. ಇನ್ನು ಕೆಲವರಿಗೆ ಅದು ಹೊಸ ನಾಣ್ಯ ಪದ್ಧತಿಗೆ ಸಿಕ್ಕ ಮಂಜೂರಾತಿ.

ಯಾವುದೇ ಇರಲಿ, ಪಾಲುಪಟ್ಟಿಯಂತೂ ನಿಲ್ಲದು. ಸಿರಿಯಾ ಚಕ್ರವರ್ತಿಯ ನೇರ ಹಿಡಿತದ ಪ್ರಾಂತ್ಯ; ಆದರೂ ಅಲ್ಲಿನ ಅಂತಿಯೋಕ್‌ನ ಕಂಚಿನ ಮೇಲೆ ಎಸ್ ಸಿ ಇದೆ. ಗಾಲ್‌ನ (ಇಂದಿನ ಫ್ರಾನ್ಸ್) ಲುಗ್ಡುನಮ್‌ನಲ್ಲಿ ಅಗಸ್ಟಸ್ ಹೊಡೆಸಿದ ಕಂಚಿನ ಮೇಲೆ ಇಲ್ಲ. ಮುಂದಿನ ಚಕ್ರವರ್ತಿ ನೀರೋನಂತೂ ಸುಮಾರು ಕ್ರಿ.ಶ. 64ರವರೆಗೆ ಚಿನ್ನ, ಬೆಳ್ಳಿಯ ಮೇಲೂ ಅದೇ ಅರ್ಥದ ‘ಎಕ್ಸ್ ಎಸ್ ಸಿ’ ಹಾಕಿಸಿದ.

ನನ್ನ ಓದಿನಲ್ಲಿ ಇದು ಅಗಸ್ಟಸ್‌ನ ಜಾಣತನ: ಅಧಿಕಾರ ತನ್ನ ಕೈಲಿ, ಹೆಸರು ಸೆನೆಟ್‌ನದು. ದಿನದ ವ್ಯಾಪಾರದ ಆಸ್ ಮೇಲೆ ಮಾತ್ರ ತನ್ನ ತಲೆ ಹಾಕಿಸಲು ಅವನು ಮರೆಯಲಿಲ್ಲ.

ಸೆನೆಟ್‌ಗೆ ಕಂಚಿನ ಮೇಲೆ ಏನೂ ಮಾತಿರಲಿಲ್ಲವೆಂದಲ್ಲ. ಚಕ್ರವರ್ತಿ ಕಲಿಗುಲ ಕೊಲೆಯಾದ ಮೇಲೆ, ಕ್ರಿ.ಶ. 43ರಲ್ಲಿ, ಅವನ ಮುಖವಿದ್ದ ಕಂಚಿನ ನಾಣ್ಯಗಳನ್ನು ಕರಗಿಸಲು ಅದು ಆಜ್ಞೆ ಮಾಡಿತು ಎನ್ನುತ್ತಾನೆ ಇತಿಹಾಸಕಾರ ಡಿಯೊ ಕ್ಯಾಸಿಯಸ್. ಆದರೆ ಕರಗಿದ ಲೋಹ ಸಿಕ್ಕಿದ್ದು ಕಲಿಗುಲನ ನಂತರದ ಚಕ್ರವರ್ತಿ ಕ್ಲಾಡಿಯಸ್‌ನ ಹೆಂಡತಿ ಮೆಸ್ಸಲಿನಾಳಿಗೆ. ಅವಳು ಅದರಲ್ಲಿ ತನ್ನ ಮೆಚ್ಚಿನ ನಟ ಮ್ನೆಸ್ಟರ್‌ನ ವಿಗ್ರಹಗಳನ್ನು ಮಾಡಿಸಿದಳಂತೆ.